ಈ ಸ್ವತ್ತು ಮಾರಾಟಕ್ಕಿಲ್ಲ

ಉತ್ತರಹಳ್ಳಿಯಿಂದ ಸ್ವಲ್ಪ ಆಚೆ ನಮ್ಮಪ್ಪ 1996ರಲ್ಲಿ ತೆಗೆದುಕೊಂಡ ಒಂದು ಥರ್ಟಿ ಫಾರ್ಟಿ ಸೈಟಿದೆ. ಅದರ ಕಾಂಪೌಂಡ್ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ: ‘ಈ ಸ್ವತ್ತು ಮಾರಾಟಕ್ಕಿಲ್ಲ. ದಲ್ಲಾಳಿಗಳನ್ನು ನಂಬಬೇಡಿ.’ ಕೆಳಗೆ ತಮ್ಮನ ಫೋನ್ ನಂಬರು. ನಾನು ದುಬೈಗೆ ಹೋಗಿ ಹದಿನಾಲ್ಕು ವರ್ಷ ಆಯಿತು. ಅಲ್ಲಿ ಯಾರೂ ತಮ್ಮ ಆಸ್ತಿ ತಮ್ಮದು ಅಂತ ಗೋಡೆ ಮೇಲೆ ಬರೆಸಿದ್ದನ್ನು ನಾನು ನೋಡಿಲ್ಲ. ಬೆಂಗಳೂರಿನಲ್ಲಿ ಖಾಲಿ ಸೈಟು ಕಂಡಲ್ಲೆಲ್ಲ ಇದೇ ಬರಹ. ನಮಗೆ ಎಷ್ಟು ಅಭ್ಯಾಸ ಆಗಿದೆ ಅಂದರೆ, ಇದು ವಿಚಿತ್ರ ಅಂತಲೂ ಅನ್ನಿಸುವುದಿಲ್ಲ.

ಕಳೆದ ವರ್ಷ ಆಫೀಸಿನಲ್ಲಿ ಉಡುಪಿ ಕಡೆಯ ಗೆಳೆಯನೊಬ್ಬ ಊಟದ ಹೊತ್ತಿಗೆ ಫೋನ್ ತೋರಿಸಿದ. ‘ನೋಡು ಮಾರಾಯ, ನಾನೀಗ ಫ್ಲಾಟಿನ ಓನರ್’ ಅಂದ. ಪೂರ್ತಿ ಫ್ಲಾಟಲ್ಲ, ಅದರ ಒಂದು ಚೂರು. ದುಬೈ ಭೂ ಇಲಾಖೆ 2025ರಲ್ಲಿ ಪ್ರಯೋಗವಾಗಿ ಶುರು ಮಾಡಿದ ಯೋಜನೆ ಇದು. ಒಂದು ಫ್ಲಾಟಿನ ಮಾಲೀಕತ್ವವನ್ನು ಸಣ್ಣ ಸಣ್ಣ ಟೋಕನ್‌ಗಳಾಗಿ ಒಡೆದು ಎಕ್ಸ್‌ಆರ್‌ಪಿ ಲೆಡ್ಜರ್ ಅನ್ನೋ ಬ್ಲಾಕ್‌ಚೈನ್ ಮೇಲೆ ಇಡುತ್ತಾರೆ. 2,000 ದಿರ್ಹಮ್ ಇದ್ದರೆ ಸೇರಬಹುದು. ತಮಾಷೆ ಅಂದರೆ ದುಡ್ಡು ಕಟ್ಟಬೇಕಾದ್ದು ಮಾಮೂಲಿ ದಿರ್ಹಮ್‌ನಲ್ಲೇ, ಕ್ರಿಪ್ಟೊ ನಡೆಯುವುದಿಲ್ಲ.

‘ನಿಮ್ಮ ಬೆಂಗಳೂರಿನಲ್ಲೂ ಹೀಗೆ ಮಾಡಿದರೆ ನಿನ್ನ ತಲೆಬಿಸಿ ಎಲ್ಲ ಮುಗೀತದೆ’ ಅಂದ. ಆ ಹೊತ್ತಿಗೆ ನನಗೂ ಹೌದು ಅನ್ನಿಸಿತ್ತು. ಈ ಸಲ ರಜೆಗೆ ಬಂದು ಅಪ್ಪನ ಫೈಲು ಬಿಚ್ಚಿದ ಮೇಲೆ ಹಾಗನ್ನಿಸುತ್ತಿಲ್ಲ.

ಟೋಕನ್‌ನ ಕೆಲಸ ಸರಳ. ನಿಮ್ಮ ಹತ್ತಿರ ಒಂದು ಗುಟ್ಟಿನ ಕೀ ಇರುತ್ತದೆ, ಅದಕ್ಕೆ ಜೋಡಿಯಾಗಿ ಎಲ್ಲರಿಗೂ ಕಾಣುವ ಇನ್ನೊಂದು ಕೀ. ಟೋಕನ್ ಬೇರೆಯವರಿಗೆ ಕೊಡಬೇಕಾದರೆ ಗುಟ್ಟಿನ ಕೀಯಿಂದ ಸಹಿ ಹಾಕುತ್ತೀರಿ. ಆ ಸಹಿ ನಿಮ್ಮದೇ ಅಂತ ಕಾಣುವ ಕೀ ಇಟ್ಟುಕೊಂಡು ಯಾರು ಬೇಕಾದರೂ ಪರೀಕ್ಷೆ ಮಾಡಬಹುದು. ಬ್ಲಾಕ್‌ಚೈನ್ ಅಂದರೆ ಎಷ್ಟೋ ಕಂಪ್ಯೂಟರ್‌ಗಳಲ್ಲಿರುವ ಒಂದೇ ಲೆಕ್ಕದ ಪುಸ್ತಕ, ಬರೆದದ್ದನ್ನು ಆಮೇಲೆ ತಿದ್ದಲಾಗದು. ಅದರಲ್ಲಿ ಟೋಕನ್ ನಿಮ್ಮ ಹೆಸರಿನ ಕೆಳಗಿನಿಂದ ಅವರ ಹೆಸರಿನ ಕೆಳಗೆ ಹೋಗುತ್ತದೆ. ಒಂದೇ ಟೋಕನನ್ನು ಇಬ್ಬರಿಗೆ ಮಾರಲು ಆಗುವುದೇ ಇಲ್ಲ. ಒಂದೇ ಸೈಟನ್ನು ಮೂರು ಜನಕ್ಕೆ ಮಾರುವವರ ಕಥೆ ಕೇಳಿ ಬೆಳೆದ ನಮಗೆ ಇದು ಸ್ವರ್ಗವೇ ಅಲ್ವಾ?

ಆದರೆ ಇಬ್ಬರಿಗೆ ಮಾರಲಾಗದೇ ಇರುವುದು ಟೋಕನ್ ಮಾತ್ರ. ಸೈಟನ್ನು ಹೊರಗೆ ಕಾಗದದ ಮೇಲೆ ಮತ್ತೊಬ್ಬನಿಗೆ ಮಾರಿದರೆ ಟೋಕನ್‌ಗೆ ಗೊತ್ತಾಗುವುದೇ ಇಲ್ಲ.

ಫೈಲಿನ ವಿಷಯಕ್ಕೆ ಬರುತ್ತೇನೆ. ಅಪ್ಪ ತೀರಿಕೊಂಡ ಮೇಲೆ ಖಾತೆ ಅಮ್ಮನ ಹೆಸರಿಗೆ ಆಗಬೇಕಿತ್ತು. ಹಳೇ ಜವಳಿ ಅಂಗಡಿಯ ಬಟ್ಟೆ ಚೀಲದಲ್ಲಿ ಎಲ್ಲ ಕಾಗದ ಇತ್ತು. ಛಾಪಾ ಕಾಗದದ ಮಡಿಕೆ ಹರಿದು, ಅಲ್ಲಲ್ಲಿ ಸೆಲ್ಲೋ ಟೇಪ್ ಹಚ್ಚಿ ಹಳದಿಯಾಗಿತ್ತು. ಕ್ರಯಪತ್ರದ ಕೊನೆಯಲ್ಲಿ ಚಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ 17ನೇ ನಂಬರಿನ ಸೈಟು. ನಾನು ಎರಡು ಸಲ ಓದಿದೆ. ಆಮೇಲೆ ಸೈಟಿಗೇ ಹೋಗಿ ನಿಂತೆ. ಬೆಳಗಿನ ಬಿಸಿಲು ಬೀಳುತ್ತಿದ್ದದ್ದು 17ನೇ ನಂಬರಿನ ಮನೆಯ ಕಡೆಯಿಂದ. ರಸ್ತೆ ನನ್ನ ಹಿಂದೆ, ಪಶ್ಚಿಮಕ್ಕಿತ್ತು. ಟೈಪ್ ಮಾಡಿದವನು ಪೂರ್ವ ಪಶ್ಚಿಮ ಅದಲುಬದಲು ಮಾಡಿದ್ದ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ, ಅಪ್ಪನೂ.

ಸರಿಪಡಿಸಲು ತಿದ್ದುಪಡಿ ಪತ್ರ ಆಗಬೇಕು. ಅದಕ್ಕೆ ಮಾರಿದವರ ಸಹಿಯೂ ಬೇಕು. ಮಾರಿದವರು ಈಗಿಲ್ಲ. ಅವರ ಮಗ ತುಮಕೂರಿನಲ್ಲಿದ್ದಾರೆ ಅಂತ ತಮ್ಮ ಹುಡುಕಿಕೊಂಡು ಹೋದ. ‘ಕೂತ್ಕೊಳ್ಳಿ, ಕಾಫಿ ಕುಡೀರಿ’ ಅಂದವರು ಲೋಟ ಖಾಲಿಯಾಗುವ ಹೊತ್ತಿಗೆ ‘ಇದರಲ್ಲಿ ನಮಗೇನು?’ ಅಂತ ಕೇಳಿದರಂತೆ.

ಈ ಸೈಟು 1996ರಲ್ಲೇ ಟೋಕನ್ ಆಗಿದ್ದರೆ? ಅದೇ ತಪ್ಪು ಚಕ್ಕುಬಂದಿ, ಯಾರೂ ತಿದ್ದಲಾಗದ ಹಾಗೆ, ಭದ್ರವಾಗಿ ಕೂತಿರುತ್ತಿತ್ತು. ತಿದ್ದಬೇಕಾದರೆ ಅದನ್ನು ತಿದ್ದುವ ಅಧಿಕಾರ ಯಾರಿಗಾದರೂ ಕೊಡಬೇಕು. ಹಾಗೆ ಕೊಟ್ಟರೆ ಮತ್ತೆ ಕಚೇರಿ, ಮತ್ತೆ ಸಹಿ.

ನಮ್ಮಲ್ಲಿ ತೊಂದರೆ ಇನ್ನೂ ಆಳದಲ್ಲಿದೆ. 1908ರ ನೋಂದಣಿ ಕಾಯ್ದೆಯಲ್ಲಿ ನೋಂದಣಿ ಆಗುವುದು ಪತ್ರ, ಹಕ್ಕಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಫೋಟೊ ತೆಗೆದವರು ‘ಈ ಆಸ್ತಿ ನಿಜಕ್ಕೂ ಮಾರುವವನದೇ’ ಅಂತ ಹೊಣೆ ಹೊರುವುದಿಲ್ಲ. ಖಾತೆಯೂ ಅಷ್ಟೆ. ಅದು ಕಂದಾಯ ಯಾರು ಕಟ್ಟಬೇಕು ಅನ್ನುವ ಲೆಕ್ಕ. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ನೋಂದಣಿಯಾದ ವ್ಯವಹಾರ ಮಾತ್ರ ಕಾಣುತ್ತದೆ, ಬಾಯಿಮಾತಿನ ಪಾಲುಪಟ್ಟಿ ಕಾಣುವುದಿಲ್ಲ. ಅದಕ್ಕೇ ನಾವು ವಕೀಲರನ್ನು ಹಿಡಿದು, ಮದರ್ ಡೀಡಿನಿಂದ, ಅಂದರೆ ಆಸ್ತಿಯ ಮೂಲ ಪತ್ರದಿಂದ ಶುರುಮಾಡಿ ಒಂದೊಂದೇ ಕೊಂಡಿ ನೋಡಿಸಿ, ಪೇಪರಿನಲ್ಲಿ ‘ಸಾರ್ವಜನಿಕ ಪ್ರಕಟಣೆ’ ಹಾಕಿಸಿ, ಯಾರದ್ದಾದರೂ ತಕರಾರು ಇದೆಯಾ ಅಂತ ಊರಿಗೆಲ್ಲ ಕೇಳುವುದು.

ದುಬೈ ಇಲ್ಲಿ ಬೇರೆ. ಅಲ್ಲಿನ 2006ರ ಕಾನೂನಿನ ಪ್ರಕಾರ ಭೂ ಇಲಾಖೆಯ ರಿಜಿಸ್ಟರಿನಲ್ಲಿ ಏನಿದೆಯೋ ಅದೇ ಎಲ್ಲರ ಮೇಲೂ ನಡೆಯುವ ಸಾಕ್ಷಿ. ಗೆಳೆಯನ ಟೋಕನ್‌ಗೆ ಬೆಲೆ ಬಂದಿರುವುದು ಗಣಿತದಿಂದಲ್ಲ, ಆ ರಿಜಿಸ್ಟರಿನ ಜೊತೆ ಅದು ಹೊಂದಿಕೊಂಡಿರುವುದರಿಂದ. ಅಲ್ಲಿನದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. ಆ ಊರಲ್ಲಿ ಜಮೀನಿನ ಚರಿತ್ರೆ ಚಿಕ್ಕದು. ಹೊರದೇಶದವರು ಆಸ್ತಿ ಕೊಳ್ಳಲು ಗೊತ್ತುಮಾಡಿದ ಜಾಗಗಳೇ ಇವೆ. ನಮ್ಮ ಹಾಗೆ ಇನಾಂ ಜಮೀನು, ಗ್ರಾಮಠಾಣ, ರೆವಿನ್ಯೂ ಸೈಟು, ಸೊಸೈಟಿ ಲೇಔಟು, ಬಿ ಖಾತಾ ಎಲ್ಲ ಒಂದೇ ಬೀದಿಯಲ್ಲಿ ಸಿಗುವುದಿಲ್ಲ.

ಟೋಕನ್ ಚೆನ್ನಾಗಿ ಕೆಲಸ ಮಾಡುವ ಜಾಗ ಇದೆ. ನಮ್ಮಲ್ಲೇ ಒಂದು ಉದಾಹರಣೆ ಇದೆಯಲ್ಲ, ಡಿಮ್ಯಾಟ್. 1996ರ ಡೆಪಾಸಿಟರಿ ಕಾಯ್ದೆ ಬಂದ ಮೇಲೆ ಷೇರು ಪತ್ರದ ಕಾಗದವೇ ಬೇಡವಾಯಿತು. ಅದರಲ್ಲಿ ಬ್ಲಾಕ್‌ಚೈನ್ ಇಲ್ಲ, ಆದರೂ ನಡೆಯಿತು. ಯಾಕೆಂದರೆ ಷೇರು ಅನ್ನುವುದೇ ಪುಸ್ತಕದಲ್ಲಿನ ಒಂದು ಸಾಲು. ಆ ಸಾಲು ಬದಲಾದರೆ ಮಾಲೀಕ ಬದಲಾದ ಹಾಗೆ. ಸೈಟು ಹಾಗಲ್ಲ. ಅಲ್ಲಿ ಮಣ್ಣಿದೆ, ಪಕ್ಕದವನ ಗೋಡೆ ಅರ್ಧ ಅಡಿ ಒಳಗೆ ಬಂದಿದೆ, ಮೂಲೆಯಲ್ಲಿ ಯಾರೋ ಇಸ್ತ್ರಿ ಗಾಡಿ ನಿಲ್ಲಿಸಿದ್ದಾರೆ.

ಕೀ ಕಳೆದುಹೋದರೆ ಏನು ಅನ್ನುವುದು ಇನ್ನೊಂದು. ನಾನು ತಮ್ಮನಿಗೆ ದುಬೈನ ಕಾನ್ಸುಲೇಟ್‌ನಲ್ಲಿ ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಸಿಕೊಟ್ಟೆ. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಛಾಪಾ ಶುಲ್ಕ ಕಟ್ಟಬೇಕು, ಓಡಾಟ ಜಾಸ್ತಿ. ಆದರೆ ನಾಳೆ ಬೇಡ ಅನ್ನಿಸಿದರೆ ಅದನ್ನು ರದ್ದು ಮಾಡಬಹುದು. ಗುಟ್ಟಿನ ಕೀ ಇಡುವ ವಾಲೆಟ್ಟನ್ನು ತೆರೆಯುವ 12 ಅಥವಾ 24 ಪದಗಳನ್ನು ತಮ್ಮನಿಗೆ ಕೊಟ್ಟರೆ ರದ್ದು ಮಾಡುವುದು ಏನನ್ನು? ಅಮ್ಮ ಆ ಪದಗಳನ್ನು ಅಕ್ಕಿ ಡಬ್ಬಿಯಲ್ಲಿ ಇಟ್ಟು ಮರೆತರೆ?

2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಬಿಹಾರದ ಪ್ರಕರಣವೊಂದರಲ್ಲಿ, ಆಸ್ತಿ ನೋಂದಣಿಗೆ ಬ್ಲಾಕ್‌ಚೈನ್ ಬಳಸುವ ಬಗ್ಗೆ ಕಾನೂನು ಆಯೋಗ ಪರಿಶೀಲಿಸಲಿ ಅಂದಿದೆ. ನೋಂದಣಿ ಬೇರೆ, ಮಾಲೀಕತ್ವ ಬೇರೆ ಆಗಿರುವುದೇ ತೊಂದರೆ ಅನ್ನುವುದನ್ನೂ ಅದು ಎತ್ತಿ ಹೇಳಿತು. ಈ ಎರಡನೇ ಮಾತನ್ನು ನಮ್ಮ ಐಟಿ ಗೆಳೆಯರು ಹಾರಿಸಿಬಿಡುತ್ತಾರೆ. ಮೊದಲು ಸರ್ಕಾರ ‘ಇದು ಇವರದ್ದೇ, ತಪ್ಪಾದರೆ ನಷ್ಟ ನಾವು ಕೊಡುತ್ತೇವೆ’ ಅಂತ ಬರೆದುಕೊಡಲಿ. ಆಮೇಲೆ ಆ ಬರಹವನ್ನು ಚೈನ್ ಮೇಲೆ ಇಡುತ್ತಾರೋ ಬಟ್ಟೆ ಚೀಲದಲ್ಲಿ ಇಡುತ್ತಾರೋ ಎರಡನೇ ಮಾತು. ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಅಂತ 2024ರಲ್ಲಿ ಮಾಡಿದ್ದು ಒಳ್ಳೆಯದೇ. ಇಸಿಯನ್ನಂತೂ ಈಗ ನಾನು ದುಬೈನಲ್ಲಿ ಕೂತೇ ತೆಗೆಯುತ್ತೇನೆ. ಆದರೂ ಕೊನೆಯ ಹೊಣೆ ಇನ್ನೂ ಯಾರೂ ಹೊತ್ತಿಲ್ಲ.

ವಾಪಸ್ ಹೊರಡುವ ಮುಂಚಿನ ದಿನ ಬೋರ್ಡು ಬರೆಯುವವರನ್ನು ಕರೆಸಿದೆವು. ತಮ್ಮನ ನಂಬರು ಬದಲಾಗಿತ್ತು, ಗೋಡೆ ಮೇಲೆ ಹಳೆಯದೇ ಇತ್ತು. ಅವರು ಹಳೇ ನಂಬರಿನ ಮೇಲೆ ಸುಣ್ಣ ಬಳಿದು, ಒಣಗಲಿ ಅಂತ ಬೀಡಿ ಹಚ್ಚಿ ಕೂತರು. ‘ದುಬೈ ನಂಬರೂ ಬರೀಲಾ ಸಾರ್?’ ಅಂತ ಕೇಳಿದರು. ಬರೆಸಿದೆ. ಅದಕ್ಕೆ ನೂರು ರೂಪಾಯಿ ಜಾಸ್ತಿ.