ಬ್ರಾಕೆಟ್ ಒಳಗಿನ ಮೆಂಬರ್‌ಗೆ ಬೆಲೆನೇ ಇಲ್ವಾ?

ಮೇನ್‌ಫ್ರೇಮ್‌ನಲ್ಲಿ ಜಾಬ್ ಓಡಿಸೋಕೆ ಬರೆಯೋ ಜೆಸಿಎಲ್‌ನಲ್ಲಿ ಡಿಎಸ್ಎನ್ (ಡೇಟಾಸೆಟ್, ಅಂದ್ರೆ ಫೈಲ್‌ನ ಹೆಸರು) ಕೊಡುವಾಗ ಪಿಡಿಎಸ್ (ಒಳಗೆ ಹಲವು ಮೆಂಬರ್‌ಗಳಿರೋ ಲೈಬ್ರರಿ) ಹೆಸರು ಬರೆದು ಬ್ರಾಕೆಟ್ ಒಳಗೆ ಮೆಂಬರ್ ಹೆಸರು ಹಾಕ್ತೀವಿ, ಆದ್ರೆ ಅದೇ ಡಿಡಿ ಸ್ಟೇಟ್‌ಮೆಂಟ್‌ನಲ್ಲಿರೋ (ಜಾಬ್‌ಗೆ ಯಾವ ಫೈಲ್ ಬೇಕು ಅಂತ ಹೇಳೋ ಸಾಲು) ಡಿಸ್ಪ್, ಅಂದ್ರೆ ಆ ಫೈಲನ್ನ ಹೇಗೆ ಹಿಡೀಬೇಕು, ಕೊನೇಲಿ ಏನು ಮಾಡಬೇಕು ಅಂತ ಹೇಳೋ ಭಾಗ, ಆ ಮೆಂಬರ್ ಕಡೆ ತಿರುಗಿಯೂ ನೋಡಲ್ಲ, ಅದರ ಲೆಕ್ಕವೆಲ್ಲ ಇಡೀ ಡೇಟಾಸೆಟ್ ಮೇಲೇನೇ. ಒಂದು ಹಳೇ ಮೆಂಬರ್ ತೆಗೀಬೇಕು ಅಂತ ಡಿಸ್ಪ್‌ಗೆ ಓಲ್ಡ್ ಕಾಮಾ ಡಿಲೀಟ್ ಅಂತ ಕೊಟ್ರೆ ಪೂರ್ತಿ ಲೈಬ್ರರಿನೇ ಹೋಗತ್ತೆ, ಒಳಗಿದ್ದ ನೂರಾರು ಮೆಂಬರ್‌ಗಳ ಸಮೇತ! ಒಂದು ವಾರ್ನಿಂಗ್ ಇಲ್ಲ, ಏನಿಲ್ಲ, ರಿಟರ್ನ್ ಕೋಡ್ ಸೊನ್ನೆ (ಎಲ್ಲ ಸರಿ ಅಂತ ಅರ್ಥ), ಜಾಬ್ ಲಾಗ್‌ನಲ್ಲಿ ಡಿಲೀಟೆಡ್ ಅಂತ ಒಂದು ಸಾಲು, ಅಷ್ಟೇ. ಇಲಿ ಹೊಡೀರಿ ಅಂದ್ರೆ ಮನೇನೇ ಸುಟ್ಟ ಹಾಗೆ. ಮೆಂಬರ್ ಒಂದನ್ನೇ ತೆಗೀಬೇಕಂದ್ರೆ ಐಡಿಕ್ಯಾಮ್ಸ್ ಅನ್ನೋ ಯುಟಿಲಿಟಿ ಪ್ರೋಗ್ರಾಂನ ಸ್ಟೆಪ್ ಹಾಕಿ ಅಲ್ಲಿ ಡಿಲೀಟ್ ಕಮಾಂಡ್‌ಗೆ ಮೆಂಬರ್ ಹೆಸರು ಸಮೇತ ಕೊಡ್ಬೇಕು (ಅದು ಮಾತ್ರ ಬ್ರಾಕೆಟ್‌ಗೆ ಮರ್ಯಾದೆ ಕೊಡತ್ತೆ), ಇದನ್ನ ಹೊಸದಾಗಿ ಸೇರೋ ಹುಡುಗರಿಗೆ ಮೊದಲ ದಿನವೇ ಯಾರೂ ಹೇಳಿಕೊಡಲ್ಲ ಅನ್ನೋದೇ ನಂಗೆ ಸಿಟ್ಟು.

ಇನ್ನು ಓಲ್ಡ್ ಕಥೆ. ಒಂದೇ ಮೆಂಬರ್‌ಗೆ ಬರೆಯೋ ಜಾಬ್ ಓಲ್ಡ್ ಹಾಕಿದ್ರೆ ಇಡೀ ಲೈಬ್ರರಿ ಎಕ್ಸ್‌ಕ್ಲೂಸಿವ್ ಲಾಕ್, ಅದು ಮುಗಿಯೋವರೆಗೂ ಬೇರೆ ಮೆಂಬರ್ ಓದಬೇಕಾದ ಜಾಬ್‌ಗಳೆಲ್ಲ ವೇಟಿಂಗ್ ಫಾರ್ ಡೇಟಾಸೆಟ್ಸ್ ಅಂತ ಸಾಲಾಗಿ ನಿಲ್ಲತ್ವೆ. ಓಲ್ಡ್ ಬದಲು ಎಲ್ಲರೂ ಒಟ್ಟಿಗೆ ಬಳಸೋಕೆ ಬಿಡೋ ಶೇರ್ ಹಾಕೋಣ ಅಂದ್ರೆ, ಅದೇ ಪಿಡಿಎಸ್‌ಗೆ ಎರಡು ಜಾಬ್ ಒಟ್ಟಿಗೆ ಬರೆಯೋಕೆ ಹೋದ್ರೆ ಎಸ್213 ಅಬೆಂಡ್ (ಜಾಬ್ ಅರ್ಧಕ್ಕೇ ಮುರಿದು ಬೀಳತ್ತೆ), ಬೇರೆ ಬೇರೆ ಮೆಂಬರ್ ಆದ್ರೂ ಅಷ್ಟೇ.

1960ರ ದಶಕದ ಐಬಿಎಂ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಂ ಓಎಸ್/360 ಕಾಲದ ವಿನ್ಯಾಸ, ಅದನ್ನ ಈಗ ಬದಲಾಯಿಸೋಕಾಗಲ್ಲ, ಒಪ್ತೀನಿ. ಆದ್ರೆ ಮೆಂಬರ್ ಹೆಸರು ಇರೋ ಡಿಡಿಗೆ ಡಿಲೀಟ್ ಕೊಟ್ಟಾಗ ಕನಿಷ್ಠ ಒಂದು ಜೆಸಿಎಲ್ ಎರರ್ ಕೊಟ್ಟು ನಿಲ್ಲಿಸಬಹುದಿತ್ತಲ್ವಾ?