ಐಪಿ69ಕೆ ಇದ್ದರೆ ಸಾಕಾ?

ಸೆನ್ಸರ್‌ಗಳ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಆಹಾರ ತಯಾರಿಸುವ ಯಂತ್ರಕ್ಕೆ ಐಪಿ69ಕೆ (ಬಿಸಿನೀರನ್ನು ಜೋರಾಗಿ ಹೊಡೆದರೂ ಒಳಗೆ ಬಿಡದು ಎನ್ನುವ ರೇಟಿಂಗ್) ಸೆನ್ಸರ್ ಹಾಕಿದರೆ ಚಿಂತೆಯೇ ಇಲ್ಲ ಅಂದಿದ್ದೀರಲ್ಲ, ಅದನ್ನು ಪೂರ್ತಿ ಒಪ್ಪಲು ಆಗಲಿಲ್ಲ. ಆ ರೇಟಿಂಗ್ ಕೊಡುವ ಪರೀಕ್ಷೆಯಲ್ಲಿ 80 ಡಿಗ್ರಿ ಬಿಸಿನೀರನ್ನು 80ರಿಂದ 100 ಬಾರ್ ಒತ್ತಡದಲ್ಲಿ, ಗೇಣಿಗಿಂತ ಹತ್ತಿರದಿಂದ ಹೊಡೆಯುತ್ತಾರೆ, ನಿಜ. ಆದರೆ ಒಂದೊಂದು ಕೋನದಿಂದ 30 ಸೆಕೆಂಡ್ ಅಷ್ಟೇ. ಅದೂ ಬರೀ ನೀರು. ಕೆಲಸದ ಜಾಗದಲ್ಲಿ ತೊಳೆಯುವಾಗ ದಿನಾ ಬೀಳುವುದು ಕಾಸ್ಟಿಕ್ ಸೋಡಾ, ಆಸಿಡ್, ಕ್ಲೋರಿನ್.

ಮೇಂಟೆನೆನ್ಸ್ ಕೆಲಸದಲ್ಲಿ ನಾನು ಬಿಚ್ಚಿ ನೋಡಿದ ಸೆನ್ಸರ್‌ಗಳಲ್ಲಿ ಜಾಸ್ತಿ ಹಾಳಾಗಿದ್ದು ಕೇಬಲ್ ಸೇರುವ ಕಡೆ. ಬಿಸಿನೀರು ಬಿದ್ದಾಗ ಒಳಗಿನ ಗಾಳಿ ಹಿಗ್ಗುತ್ತದೆ. ತಣ್ಣೀರು ಬಿದ್ದ ಕೂಡಲೇ ಕುಗ್ಗಿ, ಸೀಲ್ ಸಂದಿಯಿಂದ ತೇವವನ್ನು ಒಳಗೆ ಎಳೆದುಕೊಳ್ಳುತ್ತದೆ. ಕನೆಕ್ಟರ್ ಬಿಚ್ಚಿದರೆ ಪಿನ್ ತುಂಬಾ ಹಸಿರು ಕಿಲುಬು! ಹೊರಗಿನ ಸ್ಟೀಲ್ ಮಾತ್ರ ಫಳಫಳ.

ಗಟ್ಟಿಯಾಗಿದ್ದರೆ ಸಾಲದು, ತೊಳೆದರೆ ಶುಚಿಯೂ ಆಗಬೇಕು ಅಲ್ವಾ? ಆಹಾರ ತಾಗುವ ಕಡೆ ತುಕ್ಕಿಗೆ ಸುಲಭವಾಗಿ ಜಗ್ಗದ 316ಎಲ್ ಸ್ಟೀಲ್, ಒರಟುತನ 0.8 ಮೈಕ್ರಾನ್ ಮೀರದ ಮೈ ಇರಲಿ ಅಂತ ಎಲ್ಲರೂ ಕೇಳುತ್ತಾರೆ. ಆಮೇಲೆ ಆ ಸೆನ್ಸರನ್ನೇ ಥ್ರೆಡ್ (ತಿರುಪಿನ ಸುತ್ತು) ಹೊರಗೆ ಕಾಣುವ ಬೋಲ್ಟ್ ಹಾಕಿ, ಚಪ್ಪಟೆ ಬ್ರಾಕೆಟ್ ಮೇಲೆ ಕೂರಿಸುತ್ತಾರೆ. ಥ್ರೆಡ್‌ಗಳ ನಡುವೆ ಹಿಟ್ಟು ಕೂರುತ್ತದೆ, ಬ್ರಾಕೆಟ್ ಮೇಲೆ ನೀರು ನಿಲ್ಲುತ್ತದೆ. ದುಬಾರಿ ಸ್ಟೀಲ್ ಸುಮ್ನೆ ದಂಡ.

ಕೊಳ್ಳುವಾಗ ಕೇಬಲ್ ಹೊದಿಕೆಯನ್ನೂ ವಿಚಾರಿಸಿ. ಎಣ್ಣೆಗೆ ಜಗ್ಗದ ಪಾಲಿಯುರೆಥೇನ್ ಪ್ಲಾಸ್ಟಿಕ್ ಕೂಡ ಬಿಸಿನೀರು, ಕ್ಲೋರಿನ್ ಎದುರು ಬಿರುಕು ಬಿಡುವುದುಂಟು. ನಿಮ್ಮ ಕ್ಲೀನಿಂಗ್ ಕೆಮಿಕಲ್ ಹೆಸರು, ಅದರ ಸಾಂದ್ರತೆ ಎರಡನ್ನೂ ಹೇಳಿಯೇ ಮಾರುವವರನ್ನು ಕೇಳಿ.