ಚಗಳಿ ಚಟ್ನಿಗೆ ಧೈರ್ಯ ಬೇಡ ಮಾರಾಯ್ರೆ

ಮೊನ್ನೆ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿಗೆ ಒಂದು ರೀಲ್ ಬಂದು ಬಿತ್ತು. ಛತ್ತೀಸಗಢದ ಬಸ್ತರ್ ಕಡೆಯ ಸಂತೆ, ಎಲೆಯ ದೊನ್ನೆಯಲ್ಲಿ ಕೆಂಪಿರುವೆ ಚಟ್ನಿ. ಅಲ್ಲಿ ಅದಕ್ಕೆ ಚಾಪ್ಡಾ ಅಂತಾರೆ. ಜಾಕೆಟ್ ಹಾಕಿದ ಹುಡುಗನೊಬ್ಬ ಮೂಗು ಮುಚ್ಚಿಕೊಂಡು, ಚಿಟಿಕೆಯಷ್ಟನ್ನು ನಾಲಿಗೆಗೆ ಮುಟ್ಟಿಸಿ, ಕೆಂಡ ತುಳಿದವನ ಹಾಗೆ ಕುಣಿದ. ಮಾರುವ ಹೆಂಗಸು ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಅವನನ್ನು ನೋಡುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಪೇಟೆಯಿಂದ ಬಂದ ನೆಂಟರ ಮಕ್ಕಳು ಹಲಸಿನ ಹಣ್ಣಿಗೆ "ಥೂ, ವಾಸನೆ" ಅಂದಾಗ ನಮ್ಮಜ್ಜಿ ಹಾಗೇ ನೋಡುತ್ತಿದ್ದಳು.

ರೀಲ್ ಹಾಕಿದ್ದು ನನ್ನ ಸಹೋದ್ಯೋಗಿ, ಲಖನೌ ಹುಡುಗ. ಕೆಳಗೆ ಬರೆದಿದ್ದ: "ಇದನ್ನು ತಿನ್ನೋಕೆ ಗಟ್ಸ್ ಬೇಕು." ಅವನ ಗಟ್ಸ್ ಎಷ್ಟು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆ ಕತೆ ಕೊನೆಗೆ ಹೇಳ್ತೇನೆ.

ನಮ್ಮ ಕಡೆ, ಅಂದರೆ ತೀರ್ಥಹಳ್ಳಿ ಸೀಮೆಯಲ್ಲಿ, ಆ ಇರುವೆಗೆ ಚಗಳಿ ಅಂತೇವೆ. ಮಾವು, ಹಲಸು, ಗೇರು ಯಾವ ಮರವಾದರೂ ಸರಿ, ಹಸಿ ಎಲೆಗಳನ್ನೇ ಸೇರಿಸಿ ಚೆಂಡಿನಂಥ ಗೂಡು ಕಟ್ಟುತ್ತವೆ. ಹೇಗೆ ಕಟ್ಟುತ್ತವೆ ಅಂತ ನೋಡಿದ್ದೀರಾ? ಒಂದಷ್ಟು ಇರುವೆ ಎರಡು ಎಲೆಯ ಅಂಚನ್ನು ಎಳೆದು ಹಿಡಿದು ನಿಲ್ಲುತ್ತವೆ. ಇನ್ನೊಂದಷ್ಟು ತಮ್ಮ ಮರಿಹುಳುವನ್ನೇ ಬಾಯಲ್ಲಿ ಕಚ್ಚಿಕೊಂಡು ಬಂದು ಆಚೆ ಅಂಚಿಗೊಮ್ಮೆ, ಈಚೆ ಅಂಚಿಗೊಮ್ಮೆ ಮುಟ್ಟಿಸುತ್ತಾ ಹೋಗುತ್ತವೆ. ಮರಿಯ ಬಾಯಿಂದ ರೇಷ್ಮೆ ಎಳೆ ಬರುತ್ತದೆ. ಮರಿಯೇ ಸೂಜಿ, ಮರಿಯೇ ದಾರದುಂಡೆ. ತೋಟದಲ್ಲಿ ಅಡಿಕೆ ಹೆಕ್ಕುವುದು ಬಿಟ್ಟು ನಾನು ಇದನ್ನು ನೋಡುತ್ತಾ ನಿಂತು ಬೈಸಿಕೊಂಡದ್ದಿದೆ.

ಆದರೆ ಆ ಚಟ್ನಿ ನಮ್ಮನೆಯ ಅಡುಗೆಮನೆಯೊಳಗೆ ಬಂದದ್ದಲ್ಲ. ತಿಂದದ್ದು ತೋಟದ ಕೆಲಸಕ್ಕೆ ಬರುತ್ತಿದ್ದವರ ಮನೆ ಜಗುಲಿಯಲ್ಲಿ, ಅಮ್ಮನಿಗೆ ಹೇಳದೆ. ಗೂಡು ಕೊಯ್ದು ಚೀಲಕ್ಕೆ ಹಾಕಿ ಕೊಡವುವಾಗ ಒಂದೈವತ್ತಾದರೂ ಮೊಣಕೈವರೆಗೆ ಹತ್ತುತ್ತಿದ್ದವು. ಆ ಮನೆಯಾಕೆ ಅವನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಬಿಸಿ ಬಾಣಲೆಗೆ ಸುರಿದ ಕೂಡಲೇ ಮೂಗಿಗೆ ನಿಂಬೆ ಹಿಂಡಿದ ಹಾಗೆ ಒಂದು ಘಾಟು ಏಳುತ್ತದೆ, ಅದೇ ಫಾರ್ಮಿಕ್ ಆಸಿಡ್. ಆಮೇಲೆ ಒಣಮೆಣಸು, ಬೆಳ್ಳುಳ್ಳಿ, ಉಪ್ಪು, ಸ್ವಲ್ಪ ಕಾಯಿತುರಿ ಹಾಕಿ ಒರಳಲ್ಲಿ ಅರೆಯುವುದು. ಹುಣಸೆ ಬೇಕಿಲ್ಲ, ಹುಳಿ ಇರುವೆಯದ್ದೇ. ಬಿಸಿ ಗಂಜಿ ಜೊತೆ ಆ ರುಚಿ ಈಗಲೂ ಬಾಯಲ್ಲಿದೆ. ನಮ್ಮದು ಕೆಸುವಿನೆಲೆಯ ಪತ್ರೊಡೆ, ಅವರದ್ದು ಇರುವೆ. ಒಂದೇ ಊರಲ್ಲಿ, ಒಂದೇ ಬೇಲಿಯ ಆಚೆ ಈಚೆ, ಈ ಗೆರೆ ಎಳೆದವರು ಯಾರು ಅಂತ ಆಗ ಕೇಳಿಕೊಳ್ಳಲಿಲ್ಲ. ಹಾಸ್ಟೆಲ್ಲಿಗೆ ಹೋದ ಮೇಲಂತೂ ಚಗಳಿ ತಿಂದಿದ್ದೇನೆ ಅಂತ ಬಾಯಿ ಬಿಡಲೇ ಇಲ್ಲ.

2024ರ ಜನವರಿಯಲ್ಲಿ ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಇದೇ ಇರುವೆ ಚಟ್ನಿಗೆ ಜಿಐ ಟ್ಯಾಗ್, ಅಂದರೆ ಇದು ಆ ಸೀಮೆಯದ್ದೇ ಅನ್ನುವ ಸರ್ಕಾರಿ ಮುದ್ರೆ, ಸಿಕ್ಕಿತು. ಹೆಸರು ಸಿಮಿಲಿಪಾಲ್ ಕಾಯಿ ಚಟ್ನಿ. ಇಡ್ಲಿ ಜೊತೆಗಿನ ನಮ್ಮ ಕಾಯಿ ಚಟ್ನಿ ಅಂದುಕೊಂಡು ಆರ್ಡರ್ ಮಾಡೀರಿ, ಅಲ್ಲಿ ಕಾಯಿ ಅಂದರೆ ಇರುವೆಯೇ! ಟ್ಯಾಗ್ ಬಂದ ಮೇಲೆ ನಮ್ಮಲ್ಲೂ ಕೆಲವರು "ನಮ್ಮ ಮಲೆನಾಡಲ್ಲೂ ಇದೆ" ಅಂತ ಎದೆಯುಬ್ಬಿಸಿ ಪೋಸ್ಟ್ ಹಾಕಿದರು. ಅವರಲ್ಲಿ ನಾನೂ ಒಬ್ಬ. ಹಾಸ್ಟೆಲ್ ದಿನಗಳ ಬಾಯಿಬೀಗ ಎಲ್ಲಿ ಹೋಗಿತ್ತೋ.

ರೇಷ್ಮೆಹುಳುವಿನದ್ದೂ ಇದೇ ಕತೆ. ರಾಮನಗರದಲ್ಲಿ ರೀಲಿಂಗ್ ಘಟಕಗಳ ಬೀದಿಯಲ್ಲಿ ನಡೆದವರಿಗೆ ಆ ವಾಸನೆ ಗೊತ್ತು. ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ಹುಳುವನ್ನು ಕೋಳಿ, ಮೀನಿನ ಆಹಾರಕ್ಕೆ ಕಳಿಸುತ್ತೇವೆ. ಅಸ್ಸಾಮಿನಲ್ಲಿ ಹರಳೆಲೆ ತಿಂದು ಬೆಳೆದ ಎರಿ ಹುಳು ಮನೆಮಂದಿಯ ತಟ್ಟೆಗೆ ಬರುತ್ತದೆ. ಎರಿ ಗೂಡಿನ ಬಾಯಿ ಒಂದು ಕಡೆ ತೆರೆದೇ ಇರುತ್ತದೆ. ಅದರ ನೂಲನ್ನು ಹತ್ತಿಯ ಹಾಗೆ ತೆಗೆಯುವುದು, ಆದ್ದರಿಂದ ಗೂಡಿನ ಸಮೇತ ಹುಳುವನ್ನು ಬೇಯಿಸಬೇಕಾದ ಪ್ರಮೇಯ ಇಲ್ಲ. ನಾನು ಗುವಾಹಟಿಯಲ್ಲಿ ಗೆಳೆಯನ ಮನೆಯಲ್ಲಿ ಹುರಿದದ್ದನ್ನು ತಿಂದೆ. ಹೊರಗೆ ಗರಿ, ಒಳಗೆ ಬೆಂದ ಬೇಳೆಯ ಹಾಗೆ ಮೆತ್ತಗೆ. ನನಗೇನೂ ಅಂಥಾ ಇಷ್ಟವಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ನನ್ನ ತಕರಾರು ಇಷ್ಟೇ. ಹುರಿದು ಅರೆದ ಇರುವೆ, ಬಾಣಲೆಯಲ್ಲಿ ಗರಿಯಾದ ಹುಳು ಇವನ್ನೆಲ್ಲ ತಿನ್ನೋಕೆ ಯಾವ ಧೈರ್ಯವೂ ಬೇಡ. ಅಲರ್ಜಿ ಇಲ್ಲದವರನ್ನು ಅವು ಏನೂ ಮಾಡಲ್ಲ. ಬೇಕಾಗುವುದು ಅಸಹ್ಯ ನುಂಗಿಕೊಳ್ಳುವ ಶಕ್ತಿ ಮಾತ್ರ. ನಿಜಕ್ಕೂ ಅಪಾಯದ ಅಡುಗೆಗಳು ಬೇರೆಯೇ ಇವೆ, ಅವನ್ನು ಯಾರೂ ರೀಲ್ ಮಾಡಲ್ಲ, ಯಾಕಂದ್ರೆ ನೋಡೋಕೆ ಸೊಪ್ಪಿನ ಪಲ್ಯದ ಹಾಗೇ ಇರುತ್ತವೆ. ಅಲ್ಲಿ ಧೈರ್ಯ ತಿನ್ನುವವನದ್ದಲ್ಲ, ಒಲೆ ಮುಂದೆ ನಿಂತವಳದ್ದು.

ಉದಾಹರಣೆಗೆ ಕೆಸು. ಹೋದ ಜುಲೈಯಲ್ಲಿ ಬೆಂಗಳೂರಿನ ಫ್ಲಾಟಿನಲ್ಲಿ ನಾನೇ ಪತ್ರೊಡೆ ಮಾಡಲು ಹೊರಟೆ. ಯೂಟ್ಯೂಬ್ ನೋಡಿದೆ, ಅಕ್ಕಿ ನೆನೆಸಿದೆ, ಮೆಣಸು ಕೊತ್ತಂಬರಿ ಬೆಲ್ಲ ಎಲ್ಲ ಹಾಕಿ ತರಿತರಿಯಾಗಿ ಅರೆದೆ. ಎಲೆಯ ಬೆನ್ನಿಗೆ ಹಚ್ಚಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿದ್ದು ಮಾತ್ರ ನೋಡುವ ಹಾಗಿತ್ತು, ಫೋಟೋ ಕೂಡ ಹಾಕಿದ್ದೆ, ನೂರಾ ಚಿಲ್ಲರೆ ಲೈಕ್ ಬಂದಿತ್ತು. ತಿಂದು ಎರಡು ನಿಮಿಷಕ್ಕೆ ಗಂಟಲಿಗೆ ಯಾರೋ ಬ್ರಷ್ ಹಾಕಿ ಉಜ್ಜಿದ ಹಾಗಾಯಿತು. ಹೆಂಡತಿ ಒಂದೇ ತುಂಡು ತಿಂದಿದ್ದಳು, ಕೆಮ್ಮುತ್ತಲೇ ನನ್ನ ಕಡೆ ನೋಡಿದಳು. ಅಮ್ಮನಿಗೆ ಫೋನ್ ಮಾಡಿದೆ.

"ಹುಣಸೆಹಣ್ಣು ಎಷ್ಟು ಹಾಕಿದ್ದೆ?"

"ಗೋಲಿಯಷ್ಟು."

"ಎಷ್ಟು ಎಲೆಗೆ?"

"ಹನ್ನೆರಡು."

"ಬೇಯಿಸಿದ್ದು?"

"ಹದಿನೈದು ನಿಮಿಷ."

ಆ ಕಡೆಯಿಂದ ಸದ್ದೇ ಇಲ್ಲ. ಆಮೇಲೆ, "ಇದ್ದ ಹುಣಸೆಹಣ್ಣು ಬಾಯಲ್ಲಿಟ್ಟು ಚೀಪು, ಇಬ್ಬರೂ" ಅಂದಳು. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಹರಳುಗಳಿರುತ್ತವೆ, ಸೂಜಿಮೊನೆಯ ಆಕಾರದವು. ಹುಳಿ ಸಾಕಷ್ಟು ಬೀಳದಿದ್ದರೆ, ಸರಿಯಾಗಿ ಬೇಯದಿದ್ದರೆ ಅವು ಗಂಟಲಿಗೆ ಚುಚ್ಚುತ್ತವೆ. ನಮ್ಮೂರಲ್ಲಿ ಮಳೆಗಾಲದಲ್ಲಿ ಮರದ ಪೊಟರೆಯಲ್ಲಿ ಚಿಗುರುವ ಮರಕೆಸುವನ್ನೇ ಹುಡುಕಿ ತರುತ್ತಾರೆ. ಮಾರ್ಕೆಟ್ಟಿನಲ್ಲಿ ಕಂಡ ಎಲೆಯನ್ನೆಲ್ಲ ಕೆಸು ಅಂತ ತಂದವನ ಗತಿ ಇದು.

ಕಳಲೆಯಂತೂ ಇನ್ನೂ ಒಂದು ಕೈ ಮುಂದೆ. ಎಳೆ ಬಿದಿರಿನಲ್ಲಿ ಟ್ಯಾಕ್ಸಿಫಿಲಿನ್ ಅಂತ ಇದೆ, ಅದರಿಂದ ಸಯನೈಡ್ ಹುಟ್ಟುತ್ತದೆ. ಹೆಚ್ಚಿ ನೀರಿಗೆ ಹಾಕಿ, ದಿನಾ ನೀರು ಬದಲಿಸಿ, ಮೂರನೇ ದಿನ ಬೇಯಿಸಿದರೆ ಹೆಸರುಕಾಳಿನ ಜೊತೆ ಅದರಂಥ ಪಲ್ಯ ಇನ್ನೊಂದಿಲ್ಲ. ಆ ನೀರನ್ನು ಅಜ್ಜಿ ಯಾವತ್ತೂ ಅಕ್ಕಚ್ಚಿನ ಬಾನಿಗೆ ಸುರಿಯಲು ಬಿಡುತ್ತಿರಲಿಲ್ಲ. ದನ ಕುಡಿದರೆ ಉಳಿಯಲ್ಲ ಅಂತ ತಾನೇ ಕೊಂಡೊಯ್ದು ದೂರ ಚೆಲ್ಲಿ, ಆ ಪಾತ್ರೆಯನ್ನು ಎರಡು ಸಲ ಬೂದಿ ಹಾಕಿ ತಿಕ್ಕುತ್ತಿದ್ದಳು. ಕಳೆದ ಡಿಸೆಂಬರಿನಲ್ಲಿ ಒಂದು ರೆಸಾರ್ಟಿನಲ್ಲಿ "ಮಾನ್ಸೂನ್ ಸ್ಪೆಷಲ್" ಅಂತ ಕಳಲೆ ಬಡಿಸಿದರು. ಡಿಸೆಂಬರಿನಲ್ಲಿ! ಡಬ್ಬಿಯದ್ದು, ರಬ್ಬರಿನ ಹಾಗಿತ್ತು. ಬಡಿಸುವ ಹುಡುಗನಿಗೆ ಕಳಲೆ ಅಂದರೆ ಏನು ಅಂತಲೂ ಗೊತ್ತಿರಲಿಲ್ಲ, ಪಾಪ.

ರಾಜಸ್ಥಾನದ ಕೇರ್ ಕಾಯಿಯದ್ದೂ ಇದೇ ಜಾತಿ. ಬಾಯಿಗಿಡಲಾಗದ ಕಹಿಯನ್ನು ಉಪ್ಪುನೀರಲ್ಲೋ ಮಜ್ಜಿಗೆಯಲ್ಲೋ ದಿನಗಟ್ಟಲೆ ನೆನೆಹಾಕಿ ಕಳೆದು, ಸಾಂಗ್ರಿ ಅನ್ನುವ ಬನ್ನಿ ಮರದ ಕಾಯಿ ಜೊತೆ ಪಲ್ಯ ಮಾಡುತ್ತಾರೆ. ನಾಗಾಲ್ಯಾಂಡಿನ ಅಖುನಿಯನ್ನು, ಅಂದರೆ ಹುದುಗಿಸಿದ ಸೋಯಾವನ್ನು, ವಾಸನೆ ಅಂತ ಬೈಯುವವರು, ಬೇಯಿಸಿದ ಸೋಯಾಕಾಳನ್ನು ಎಲೆಯಲ್ಲಿ ಕಟ್ಟಿ ಒಲೆಯ ಹತ್ತಿರ ಇಟ್ಟು, ಇವತ್ತು ಸಾಕು ಇನ್ನೊಂದು ದಿನ ಹೆಚ್ಚಾಯಿತು ಅಂತ ಬರೀ ಮೂಗಿನಿಂದ ಹೇಳುವ ಹೆಂಗಸರನ್ನು ನೋಡಿಲ್ಲ.

ನನ್ನ ಮಾವನ ಮನೆ ಪುತ್ತೂರಿನ ಕಡೆ. ಮದುವೆಯಾದ ಮೊದಲ ವರ್ಷವೇ ಆಟಿ ಅಮಾವಾಸ್ಯೆಗೆ ಕರೆದರು. ನಸುಕಿಗೆ ಮುಂಚೆ ಮಾವ ಟಾರ್ಚ್ ಹಿಡಿದು ಹೊರಟರು, ನಾನು ಹಿಂದೆ. ಆವತ್ತು ಕಷಾಯ ಮಾಡಿ ಕುಡಿಯಲು ಹಾಲೆ ಮರದ ತೊಗಟೆ ತರಬೇಕು, ತುಳುವಿನಲ್ಲಿ ಪಾಲೆ. ಕತ್ತಿ ಮುಟ್ಟಿಸುವಂತಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಮಾವ ಹಿಂದಿನ ದಿನವೇ ಮರಕ್ಕೆ ದಾರ ಕಟ್ಟಿ ಬಂದಿದ್ದರು. ಆದರೂ ಜಜ್ಜಿದ ಜಾಗಕ್ಕೆ ಟಾರ್ಚ್ ಬಿಟ್ಟು, ಬಿಳಿ ಹಾಲು ಒಸರುವವರೆಗೆ ಕಾದರು. "ದಾರ ಇತ್ತಲ್ಲ?" ಅಂದೆ. "ಕತ್ತಲೆಗೆ ದಾರ ಕಾಣ್ತದೆ, ಮರ ಕಾಣುದಿಲ್ಲ" ಅಂದರು. ಅದೇ ಗುಡ್ಡದಲ್ಲಿ ಕಾಸರಕನ ಮರವೂ ಇದೆ. ಅದರಲ್ಲಿರುವುದು ಸ್ಟ್ರಿಕ್ನಿನ್ ಅನ್ನುವ ವಿಷ. ಮರ ತಪ್ಪಿದರೆ ಮನೆಮಂದಿಗೆಲ್ಲ ಕುತ್ತು. ಅತ್ತೆ ಆ ತೊಗಟೆಯ ರಸಕ್ಕೆ ಓಮ, ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಚೊಂಯ್ ಅಂತ ಮುಳುಗಿಸಿದರು. ಖಾಲಿ ಹೊಟ್ಟೆಗೆ ಅರ್ಧ ಲೋಟ. ಅಷ್ಟು ಕಹಿಯನ್ನು ನಾನು ಅದಕ್ಕೆ ಮುಂಚೆಯೂ ಕುಡಿದಿಲ್ಲ, ಆಮೇಲೂ ಕುಡಿದಿಲ್ಲ. ಹಿಂದೆಯೇ ಮೆಂತ್ಯದ ಗಂಜಿ ಕೊಟ್ಟರು, ಪುಣ್ಯ.

ಹಾಗಾಗಿ ಹೊಸ ರುಚಿ ನೋಡಬೇಕು ಅನ್ನುವ ಗೆಳೆಯರಿಗೆ ನಾನು ಹೇಳುವುದು: ಪಟ್ಟಿ ಹಿಡಿದು ತಿರುಗಬೇಡಿ, ಪಂಚಾಂಗ ನೋಡಿ ಹೋಗಿ. ಹೋಟೆಲಿಗಲ್ಲ, ಯಾರಾದರೂ ಕರೆದರೆ ಮನೆಗೆ. ತಿನ್ನುವ ಮುಂಚೆ ಮೊಬೈಲ್ ಕಿಸೆಯಲ್ಲಿಟ್ಟು ಅಡುಗೆಮನೆಯಲ್ಲಿ ಅರ್ಧ ಗಂಟೆ ನಿಲ್ಲಿ.

ಈಗ ನಮ್ಮ ಲಖನೌ ವೀರನ ಕತೆ. ಎರಡು ವರ್ಷದ ಹಿಂದೆ ಆಗಸ್ಟ್ 3ಕ್ಕೆ ಅವನನ್ನು ಮಡಿಕೇರಿ ಹತ್ತಿರದ ಗೆಳೆಯನ ಮನೆಗೆ ಕರೆದುಕೊಂಡು ಹೋಗಿದ್ದೆ. ಕೊಡವರ ಕಕ್ಕಡ ತಿಂಗಳಿನ 18ನೇ ದಿನ. ಆವತ್ತಿಗೆ ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರುತ್ತದೆ ಅನ್ನುವುದು ಅಲ್ಲಿಯ ನಂಬಿಕೆ. ಸೊಪ್ಪನ್ನು ದಂಟಿನ ಸಮೇತ ಕುದಿಸಿದರೆ ನೀರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಆ ನೀರಿನಲ್ಲೇ ಅಕ್ಕಿ ಬೇಯಿಸಿ, ಬೆಲ್ಲ ಹಾಕಿ, ಪಾಯಸ. ಅಡುಗೆಮನೆಯ ತುಂಬಾ ಹೂವಿನದ್ದೋ ಕಷಾಯದ್ದೋ ಅಂತ ಹೇಳಲಾಗದ ಒಂದು ಪರಿಮಳ. ನಮ್ಮ ಹುಡುಗ "ಇಷ್ಟೇನಾ? ಇದರಲ್ಲಿ ಅಡ್ವೆಂಚರ್ ಏನಿದೆ?" ಅಂತ ಮೂರು ಬಟ್ಟಲು ತಿಂದು, ಮೇಲೆ ತುಪ್ಪ ಹಾಕಿಸಿಕೊಂಡು ಮಲಗಿದ.

ಮರುದಿನ ಬೆಳಗ್ಗೆ ಮೂತ್ರ ಕೆಂಪಗೆ ಹೋಗುತ್ತದೆ ಅಂತ ಅವನಿಗೆ ಹೇಳುವುದನ್ನು ನಾನು ಮರೆತಿದ್ದೆ. ಗೆಳೆಯನ ಮನೆಯವರು ನಾನು ಹೇಳಿದ್ದೇನೆ ಅಂದುಕೊಂಡಿದ್ದರು.

ಆರು ಗಂಟೆಗೆ ಪಕ್ಕದ ರೂಮಿನಿಂದಲೇ ಫೋನ್ ಬಂತು. ಧ್ವನಿ ತೀರಾ ತಗ್ಗಿತ್ತು.

"ಸರ್, ಇಲ್ಲಿ ಹತ್ತಿರದಲ್ಲಿ ಒಳ್ಳೆ ಆಸ್ಪತ್ರೆ ಇದೆಯಾ? ಅಮ್ಮನಿಗೆ ಮಾತ್ರ ಹೇಳಬೇಡಿ."